ಮೂರು ತಿಂಗಳ ವಿಶ್ರಾಂತಿ

"ತಲೆ ಕಡೆ ಎತ್ತು, ತಲೆ ಕಡೆ. ಕಾಲು ಗೋಡೆಗೆ ತಾಗ್ತಿದೆ ನೋಡು."

"ಎತ್ತಿದ್ದೀನಪ್ಪ. ಇನ್ನೂ ಎತ್ತಿದ್ರೆ ಎದ್ದೇ ನಿಂತುಬಿಡ್ತಾನೆ."

ಯಾರೋ ನಕ್ಕರು, ನಕ್ಕವರೇ ಕೆಮ್ಮಿ ಮುಚ್ಚಿಕೊಂಡರು. ಮೆಟ್ಟಿಲ ತಿರುವಿನಲ್ಲಿ ಸ್ಟ್ರೆಚರ್ ಸಿಕ್ಕಿಹಾಕಿಕೊಂಡಿತ್ತು. ನೀರಿನ ಕಚೇರಿಯವರು ತಮ್ಮ ನೌಕರರಿಗೆಂದು ಕಟ್ಟಿಸಿದ ವಸತಿ ಅದು. ಕಟ್ಟಿಸುವಾಗ ಸಾಧಾರಣ ಎತ್ತರದ ಮನುಷ್ಯರನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದರು. ಬದುಕಿದ್ದಷ್ಟು ದಿನ ಏಣಿ ಆ ತಿರುವಿನಲ್ಲಿ ತಲೆ ಬಗ್ಗಿಸಿಕೊಂಡೇ ಇಳಿದಿದ್ದ. ಈಗ ಅವನನ್ನು ಬಗ್ಗಿಸುವಂತಿರಲಿಲ್ಲ.

ಏಣಿ ಎನ್ನುವುದು ವಾಲಿಬಾಲ್ ಅಂಗಳದಲ್ಲಿ ಅಂಟಿಕೊಂಡ ಹೆಸರು. ಕಚೇರಿಯ ತಂಡಕ್ಕೆ ಆಡಲಿ ಎಂದೇ ಅವನಿಗೆ ಪೈಪ್ ಫಿಟ್ಟರ್ ಕೆಲಸ ಕೊಟ್ಟಿದ್ದರು. ಆಯ್ಕೆಯ ದಿನ ತರಬೇತುದಾರ ಅವನನ್ನು ಗೋಡೆಗೆ ಒತ್ತಿ ನಿಲ್ಲಿಸಿ, ಎರಡೂ ತೋಳು ಚಾಚಲು ಹೇಳಿ, ಟೇಪು ಹಿಡಿದು ಅಳೆದಿದ್ದ. ಚಾಚಿದ ತೋಳು ಆಳಿನ ಎತ್ತರಕ್ಕಿಂತ ಉದ್ದವಿದ್ದರೆ ತಂಡಕ್ಕೆ ಬಂದಂತೆ. ಆ ತಂಡದಲ್ಲಿ ಬೇರೆ ಪರೀಕ್ಷೆ ಇರಲಿಲ್ಲ.

"ನಿಲ್ಲಿಸಿಯೇ ತಿರುಗಿಸೋಣ," ಎಂದ ಗಿಡ್ಡ. ತಂಡದಲ್ಲಿ ಏಣಿಗೆ ಚೆಂಡು ಎತ್ತಿಕೊಡುತ್ತಿದ್ದವನು ಅವನು. ಈಗ ಹುಡುಗಿಯರ ತಂಡಕ್ಕೆ ಆಟ ಕಲಿಸುತ್ತಾನೆ. "ಬೇರೆ ದಾರಿಯಿಲ್ಲ. ಪಟ್ಟಿ ಬಿಗಿಯಾಗಿದೆ ತಾನೇ?"

ಹಳೆಯ ಜೊತೆಗಾರರು ಸ್ಟ್ರೆಚರನ್ನು ನೆಟ್ಟಗೆ ನಿಲ್ಲಿಸಿದರು. ಬಿಳಿ ಬಟ್ಟೆ ಸುತ್ತಿಕೊಂಡ ಏಣಿ ಎಲ್ಲರಿಗಿಂತ ಎತ್ತರಕ್ಕೆ ಎದ್ದು, ಒಂದು ಗಳಿಗೆ ಗೋಡೆಗೆ ಒರಗಿ ನಿಂತು, ತಿರುವು ದಾಟಿ ಮತ್ತೆ ಮಲಗಿದ. ಮೇಲಿನ ಮೆಟ್ಟಿಲಲ್ಲಿ ನಿಂತಿದ್ದ ಮಗಳ ಮುಖಕ್ಕೂ ಅವನ ಮುಖಕ್ಕೂ ಒಂದು ಗೇಣು ಅಂತರವಿತ್ತು. ಹದಿನಾರರ ಹುಡುಗಿ. ಮನೆಯಲ್ಲಿ ಅಮ್ಮನಿಗಿಂತ ಒಂದು ತಲೆ ಎತ್ತರ, ಆದರೂ ಅವಳನ್ನು ಕರೆಯುವುದು ಪುಟ್ಟಿ ಎಂದೇ.

"ಪುಣ್ಯವಂತ ನನ್ನ ತಮ್ಮ," ಎಂದಳು ಏಣಿಯ ಅಕ್ಕ, ಬಾಗಿಲ ಬಳಿ ನೆರೆದ ಹೆಂಗಸರಿಗೆ. ಅವಳೂ ತಮ್ಮನಂತೆಯೇ ಉದ್ದ, ತೆಳು, ಸ್ವಲ್ಪ ಗೂನು. "ನರಳಲಿಲ್ಲ, ಯಾರಿಗೂ ಭಾರ ಆಗಲಿಲ್ಲ. ನಮ್ಮಪ್ಪನೂ ಹೀಗೇ. ಊಟ ಮುಗಿಸಿ ಕೈ ತೊಳೀತಾ ಇದ್ದವರು ಅಲ್ಲೇ ಕುಸಿದರು. ನಮ್ಮ ಚಿಕ್ಕಪ್ಪ ಬಸ್ಸಿಗೆ ಕಾಯ್ತಾ ನಿಂತಲ್ಲೇ. ನಮ್ಮ ಮನೇಲಿ ಯಾರೂ ಹಾಸಿಗೆ ಹಿಡಿದವರಲ್ಲ."

"ಅದೂ ಒಂದು ಭಾಗ್ಯ ಬಿಡಿ," ಎಂದಳು ಪಕ್ಕದ ಮನೆಯಾಕೆ. "ನಮ್ಮತ್ತೆ ಹತ್ತು ವರ್ಷ ಮಲಗಿದ್ದರು. ಸಾಯೋ ದಿನವೂ ನನ್ನ ಸಾರಿಗೆ ಉಪ್ಪು ಕಮ್ಮಿ ಅಂದೇ ಹೋದರು."

ಏಣಿಯ ಹೆಂಡತಿ ಈ ಮಾತು ಹಿಂದೆ ಎಷ್ಟೋ ಸಲ ಕೇಳಿದ್ದಳು. ಮದುವೆಯ ಮಾತುಕತೆಯಲ್ಲಿಯೇ ಈ ಅಕ್ಕ ಇದನ್ನು ಮನೆತನದ ಹೆಚ್ಚುಗಾರಿಕೆಯಂತೆ ಹೇಳಿದ್ದಳು. ಆಗ ಕೇಳಲು ಹಿತವಾಗಿತ್ತು. ಇವತ್ತು ಒಂದೊಂದು ಹೆಸರೂ ಎದೆಗೆ ಕುಟ್ಟುತ್ತಿತ್ತು.

ನಿನ್ನೆ ಆಸ್ಪತ್ರೆಯ ಕಾರಿಡಾರಿನಲ್ಲಿ ಡಾಕ್ಟರು ಅವಳನ್ನು ಪಕ್ಕಕ್ಕೆ ಕರೆದಿದ್ದರು. ಹೃದಯದಿಂದ ಹೊರಡುವ ದೊಡ್ಡ ರಕ್ತನಾಳ ಹರಿದುಹೋಗಿದೆ, ಅದು ಒಂದೇ ದಿನದಲ್ಲಿ ಆಗುವಂಥದ್ದಲ್ಲ, ವರ್ಷಗಟ್ಟಲೆ ಹಿಗ್ಗಿ ಹಿಗ್ಗಿ ತೆಳುವಾಗಿದೆ ಎಂದರು. ಇವರಿಗೆ ಯಾರೂ ಹೇಳಿರಲಿಲ್ಲವೇ?

"ತೋರಿಸಿದ್ದರು ಸಾರ್. ಆಟಗಾರನ ಹೃದಯ, ಏನೂ ತೊಂದರೆಯಿಲ್ಲ ಅಂದಿದ್ದರಂತೆ."

"ಯಾರು ಅಂದದ್ದು?"

ಅವಳು ಬಾಯಿ ತೆರೆದಳು. ಯಾವ ಡಾಕ್ಟರ ಹೆಸರೂ ಬರಲಿಲ್ಲ. ಹಾಗೆಂದು ಅವಳಿಗೆ ಹೇಳಿದವನು ಒಬ್ಬನೇ, ಅವನು ಬಾಗಿಲ ಆಚೆ ಮಲಗಿದ್ದ.

ಡಾಕ್ಟರು ಪುಟ್ಟಿಯನ್ನೊಮ್ಮೆ ಅಡಿಯಿಂದ ಮುಡಿಯವರೆಗೆ ನೋಡಿದರು. "ಇದು ಮನೆತನದಲ್ಲಿ ಹರಿದು ಬರೋದು. ಮಗುವನ್ನು ತಡಮಾಡದೆ ತೋರಿಸಿ. ಅಲ್ಲಿಯವರೆಗೆ ಓಟ, ಆಟ ಯಾವುದೂ ಬೇಡ. ಮೊದಲೇ ಗೊತ್ತಾದರೆ ಇದಕ್ಕೆ ಔಷಧಿಯಿದೆ, ಆಪರೇಷನ್ ಇದೆ. ಹೆದರಬೇಡಿ."

ಹೆದರಬೇಡಿ ಎಂದವರೇ ಎರಡು ಸಲ ಹಿಂತಿರುಗಿ ನೋಡಿಕೊಂಡು ಹೋದರು.

*

ಏಣಿಯ ಹೆಂಡತಿ ಕೆಲಸ ಮಾಡುತ್ತಿದ್ದುದು ಕನ್ನಡಕದ ಅಂಗಡಿಯಲ್ಲಿ. ಏಣಿ ಮೊದಲ ಸಲ ಬಂದಾಗ ಅವನ ಕೈಯಲ್ಲಿ ಎರಡು ತುಂಡಾದ ಫ್ರೇಮ್ ಇತ್ತು. ಗಾಜು ಬಾಟಲಿಯ ತಳದಷ್ಟು ದಪ್ಪ. ಹೊಸ ಫ್ರೇಮನ್ನು ಕಿವಿಯ ಹಿಂದೆ ಸರಿಮಾಡಬೇಕಿತ್ತು, ಕೈ ಎಟಕಲಿಲ್ಲ.

"ಸ್ವಲ್ಪ ಕೂತ್ಕೊಳ್ಳಿ," ಎಂದಳು.

"ಕೂತೇ ಇದ್ದೀನಿ," ಎಂದ ಅವನು.

ಅವನನ್ನು ಮದುವೆಯಾದದ್ದು ಆ ಒಂದು ಉತ್ತರಕ್ಕೇ ಎಂದು ಅವಳು ಅಂಗಡಿಯ ಗೆಳತಿಯರಿಗೆ ಹೇಳುತ್ತಿದ್ದಳು. ದೊಡ್ಡ ಬದುಕೇನಲ್ಲ. ಬೆಳಿಗ್ಗೆ ಅಂಗಳ, ಹಗಲು ಪೈಪು, ಸಂಜೆ ಮತ್ತೆ ಅಂಗಳ. ಒದ್ದೆ ಬೂಟು ಬಾಗಿಲಲ್ಲಿ ಬಿಟ್ಟು ಬಂದು ಮಗಳ ಜೊತೆ ಬೆರಳಾಟ ಆಡುತ್ತಿದ್ದ. ಹೆಬ್ಬೆರಳನ್ನು ಹಿಂದಕ್ಕೆ ಬಗ್ಗಿಸಿ ಮಣಿಕಟ್ಟಿಗೆ ಮುಟ್ಟಿಸುವುದು. ಅವನೂ ಮುಟ್ಟಿಸುತ್ತಿದ್ದ, ಪುಟ್ಟಿಯೂ ಮುಟ್ಟಿಸುತ್ತಿದ್ದಳು. ಹೆಂಡತಿ ಪ್ರಯತ್ನಿಸಿದರೆ ನೋವಾಗುತ್ತಿತ್ತು. "ಅಮ್ಮ ಬೇರೆ ಮರದ ಕೊಂಬೆ ಕಣೇ, ಬಗ್ಗಲ್ಲ," ಎಂದು ಇಬ್ಬರೂ ನಗುತ್ತಿದ್ದರು.

ಪುಟ್ಟಿ ಇನ್ನೂ ಶಾಲೆಗೆ ಸೇರಿರದ ವರ್ಷ ಅವನ ಕಣ್ಣು ಮಂಜಾಯಿತು. ಅಂಗಡಿಯ ಮೇಲಿನ ಮಹಡಿಯಲ್ಲಿದ್ದ ಕಣ್ಣಿನ ಡಾಕ್ಟರು ನೋಡಿ, ಕಣ್ಣೊಳಗಿನ ಮಸೂರ ಇದ್ದ ಜಾಗದಿಂದ ಜಾರಿದೆ ಎಂದರು. "ಮೈಯನ್ನು ಹಿಡಿದಿಡುವ ನಾರು ಕೆಲವರಿಗೆ ಹುಟ್ಟಿನಿಂದಲೇ ಸಡಿಲ ಇರುತ್ತೆ. ನಿಮ್ಮವರ ಹಾಗೆ ಉದ್ದ ಬೆಳೀತಾರೆ. ಒಂದು ಸಲ ಹೃದಯ ತೋರಿಸಿಬಿಡಿ."

ಅವಳು ಅಂಗಡಿ ಬಿಟ್ಟು ಹೋಗುವಂತಿರಲಿಲ್ಲ. ಗಿಡ್ಡನ ಜೊತೆ ಕಳುಹಿಸಿದಳು. ಸಂಜೆ ಅವನು ಒಂದು ಚೀಲ ಕಿತ್ತಳೆ ಹಿಡಿದು, ಸಿಳ್ಳೆ ಹಾಕುತ್ತಾ ಬಂದ.

"ಏನಂದ್ರು?"

"ಆಟಗಾರನ ಹೃದಯ ಅಂದ್ರು. ಆಡಿ ಆಡಿ ಹಿಗ್ಗಿದೆಯಂತೆ. ಓಡೋರಿಗೆಲ್ಲ ಹಾಗೇ ಆಗುತ್ತಂತೆ. ಕಾಯಿಲೆ ಅಲ್ಲ ಕಣೇ, ನನ್ನ ಸಂಪಾದನೆ ಅದು."

ಅವಳು ಮಾರನೆಯ ದಿನ ಇಡೀ ಅಂಗಡಿಗೆ ಇದನ್ನು ಹೇಳಿಕೊಂಡು ತಿರುಗಿದ್ದಳು. ಕಿತ್ತಳೆಯನ್ನೂ ಹಂಚಿದ್ದಳು.

*

ಚಿತಾಗಾರದಲ್ಲಿ ಸರದಿ ಇತ್ತು. ಉದ್ದನೆಯ ಕೋಣೆ, ಗೋಡೆಗೆ ಒತ್ತಿ ಜೋಡಿಸಿದ ಪ್ಲಾಸ್ಟಿಕ್ ಕುರ್ಚಿಗಳು, ತಿರುಗುವಾಗ ಕಟಕಟ ಎನ್ನುವ ಫ್ಯಾನು. ಮುಂದಿನ ಸರದಿಯವರ ಮನೆಯ ಮುದುಕರೊಬ್ಬರು ಇವರ ಕಡೆಯವರನ್ನು ತಮ್ಮ ಕಡೆಯವರೆಂದು ತಿಳಿದು ಒಬ್ಬೊಬ್ಬರಿಗೂ ಕೈಮುಗಿದು ಹೋದರು. ಯಾರೂ ತಿದ್ದಲಿಲ್ಲ.

ಕಚೇರಿಯ ಕ್ರೀಡಾ ವಿಭಾಗದ ಸಾಹೇಬರು ಬಂದು ಅವಳ ಪಕ್ಕದ ಕುರ್ಚಿಯಲ್ಲಿ ಕುಳಿತರು. ದನಿ ತಗ್ಗಿಸಿದರು.

"ಇಂಥ ಹೊತ್ತಲ್ಲಿ ಹೇಳಬಾರದು ತಾಯಿ. ಆದರೂ ನಿಮ್ಮ ಮನಸ್ಸಿಗೆ ಸಮಾಧಾನ ಆಗಲಿ ಅಂತ ಹೇಳ್ತೀನಿ. ಮನೆ ಖಾಲಿ ಮಾಡಬೇಕಲ್ಲ ಅಂತ ಯೋಚನೆ ಇಟ್ಕೋಬೇಡಿ."

"ಮಾಡಬೇಕಾಗುತ್ತಲ್ವಾ ಸಾರ್? ಅವರ ಕೆಲಸಕ್ಕೆ ಕೊಟ್ಟ ಮನೆ."

"ನಿಯಮ ಅಂದ್ರೆ ಹೌದು. ಆದರೆ ಬರೋ ಭಾನುವಾರ ಕಿರಿಯರ ತಂಡದ ಆಯ್ಕೆ ಇದೆ. ನಿಮ್ಮ ಹುಡುಗಿ ಬಂದು ನಿಂತರೆ ಸಾಕು. ಅಪ್ಪನ ಕೈಕಾಲೇ ಬಂದಿದೆ ಅವಳಿಗೆ." ಬಾಗಿಲ ಬಳಿ ಗೋಡೆಗೆ ಒರಗಿದ್ದ ಪುಟ್ಟಿಯ ಮೇಲೆ ಅವರ ಕಣ್ಣು ಹರಿದಾಡಿತು, ಭುಜದಿಂದ ಬೆರಳ ತುದಿಯವರೆಗೆ. ಟೇಪು ಒಂದಿರಲಿಲ್ಲ. "ತಂಡಕ್ಕೆ ಬಂದಳು ಅಂದ್ರೆ ಮನೆ ಅವಳ ಹೆಸರಲ್ಲೇ ಮುಂದುವರಿಯುತ್ತೆ. ಅದು ನನ್ನ ಜವಾಬ್ದಾರಿ. ಏಣಿಗೆ ನಾವು ಅಷ್ಟಾದರೂ ಮಾಡಬೇಡವಾ?"

ಒಳ್ಳೆಯ ಮನುಷ್ಯ. ನಿಜವಾಗಿಯೂ ಸಹಾಯ ಮಾಡಲೆಂದೇ ಹೇಳುತ್ತಿದ್ದರು. ಅವಳು ತಲೆಯಾಡಿಸಿ ಎದ್ದು ಹೊರಗೆ ಹೋದಳು.

ಗಿಡ್ಡ ಹೊರಗಿನ ನಲ್ಲಿಯಲ್ಲಿ ಮುಖ ತೊಳೆಯುತ್ತಿದ್ದ. ತೊಳೆದಷ್ಟೂ ಮತ್ತೆ ತೊಳೆಯುತ್ತಿದ್ದ.

"ಗಿಡ್ಡಣ್ಣ, ಆವತ್ತು ಆಸ್ಪತ್ರೆಯಲ್ಲಿ ಅವರು ಏನಂದರು?"

"ಯಾವತ್ತು ಅತ್ತಿಗೆ?"

"ನಿನಗೆ ಗೊತ್ತು ಯಾವತ್ತು ಅಂತ. ನೀನೇ ಜೊತೇಲಿದ್ದೆ."

ಗಿಡ್ಡ ನಲ್ಲಿ ನಿಲ್ಲಿಸಿದ. ಕರವಸ್ತ್ರ ಹುಡುಕಿದ, ಸಿಗಲಿಲ್ಲ, ಅಂಗಿಯ ತೋಳಿನಲ್ಲಿ ಒರೆಸಿಕೊಂಡ.

"ಇವತ್ತು ಬೇಡ ಅತ್ತಿಗೆ. ಅವನನ್ನ ಕಳಿಸಿಬಿಡೋಣ, ಆಮೇಲೆ..."

"ಭಾನುವಾರ ಪುಟ್ಟಿನ ಆಯ್ಕೆಗೆ ಕರೀತಿದ್ದಾರೆ. ಆಮೇಲೆ ಅಂದ್ರೆ ಯಾವಾಗ?"

ಅವನು ಅವಳ ಮುಖ ನೋಡದೆ, ನಲ್ಲಿಯ ತುದಿಯಲ್ಲಿ ತೂಗುತ್ತಿದ್ದ ಹನಿಯನ್ನು ನೋಡುತ್ತಾ ಮಾತು ಶುರುಮಾಡಿದ.

*

ಡಾಕ್ಟರು ಪರದೆಯ ಮೇಲೆ ತೋರಿಸಿದ್ದರು. ಹೃದಯದ ಕೋಣೆ ಹಿಗ್ಗಿದೆ, ಅಲ್ಲಿಂದ ಹೊರಡುವ ನಾಳವೂ ಬುಡದಲ್ಲಿ ಅಗಲವಾಗಿದೆ. ದಿನವೂ ಕಠಿಣವಾಗಿ ಆಡುವವರ ಹೃದಯ ಹಿಗ್ಗುವುದುಂಟು. ಆದರೆ ಇವನ ಮೈಕಟ್ಟು, ಕಣ್ಣು ನೋಡಿದರೆ ಬೇರೆ ಅನುಮಾನವೂ ಇದೆ. ಎರಡರಲ್ಲಿ ಯಾವುದೆಂದು ತಿಳಿಯಲು ಒಂದು ಸುಲಭದ ದಾರಿ: ಮೂರು ತಿಂಗಳು ಆಟ, ಓಟ ಪೂರಾ ನಿಲ್ಲಿಸಿ ಬರಬೇಕು. ಆಟದಿಂದ ಹಿಗ್ಗಿದ್ದಾದರೆ ಇಳಿಯುತ್ತದೆ. ಇಳಿಯದಿದ್ದರೆ ಅದು ರೋಗ.

"ನನಗೆ ಯಾವುದು ಅನ್ಸುತ್ತೆ ಡಾಕ್ಟ್ರೇ?" ಎಂದು ಏಣಿ ಕೇಳಿದ. ಅವರಿಗೆ ಏನನ್ನಿಸುತ್ತದೆ ಎಂದು ಕೇಳಬೇಕಾದವನು ಗಾಬರಿಯಲ್ಲಿ ಹಾಗೆ ಕೇಳಿಬಿಟ್ಟಿದ್ದ.

"ನಿಲ್ಲಿಸಿ ಬನ್ನಿ. ಆಗ ನೋಡೋಣ."

ಹೊರಗೆ ಬಂದು, ಆಸ್ಪತ್ರೆಯ ಮುಂದಿನ ಗಾಡಿಯಲ್ಲಿ ಕಿತ್ತಳೆ ಆರಿಸುತ್ತಾ, ಅವನು ಗಿಡ್ಡನಿಗೆ ಹೇಳಿದ್ದ: "ಆಟಗಾರನ ಹೃದಯ ಅಂತ ಅಂದರಲ್ಲ, ಅಷ್ಟು ಸಾಕು."

ವರ್ಷ ಬಿಟ್ಟು ಮತ್ತೆ ಹೋದ. "ವಿಶ್ರಾಂತಿ ತಗೊಂಡ್ರಾ?" "ಇಲ್ಲ ಡಾಕ್ಟ್ರೇ, ಪಂದ್ಯಗಳಿದ್ದವು." "ಹಾಗಾದರೆ ಏನೂ ಹೇಳೋಕಾಗಲ್ಲ. ಮೂರು ತಿಂಗಳು ನಿಲ್ಲಿಸಿ ಬನ್ನಿ." ಏಣಿ ಪರೀಕ್ಷೆ ಪಾಸಾದವನಂತೆ ಎದ್ದು ಬರುತ್ತಿದ್ದ. ಅದರ ಮುಂದಿನ ವರ್ಷವೂ ಅದೇ ಪ್ರಶ್ನೆ, ಅದೇ ಉತ್ತರ. ಆಮೇಲೆ ಆ ಡಾಕ್ಟರು ವರ್ಗವಾಗಿ ಹೋದರು, ಬೇರೆಯವರು ಬಂದರು, ಅವರಿಗೂ ಅದೇ ಉತ್ತರ.

ವಯಸ್ಸಾಯಿತೆಂದು ತಂಡದಿಂದ ಕೈಬಿಟ್ಟ ಮೇಲೂ ಅವನು ಓಟ ಬಿಡಲಿಲ್ಲ. ದಿನವೂ ನಸುಕಿಗೆ ಎದ್ದು, ತರುಣರು ನಾಚುವಷ್ಟು ಓಡುತ್ತಿದ್ದ. ಮೈಯನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾನೆ ಎಂದು ವಸತಿಯ ಹೆಂಗಸರು ತಮ್ಮ ಗಂಡಂದಿರ ಹೊಟ್ಟೆ ತೋರಿಸಿ ಹಂಗಿಸುತ್ತಿದ್ದರು.

"ಈಗ ಪಂದ್ಯವೂ ಇಲ್ಲ, ಮಣ್ಣೂ ಇಲ್ಲ," ಎಂದು ಒಂದು ದಿನ ಗಿಡ್ಡ ರೇಗಿದ. "ಮೂರು ತಿಂಗಳು ಮನೇಲಿ ಬಿದ್ದುಕೊಳ್ಳೋಕೆ ನಿನಗೇನು ದಾಡಿ?"

"ನಿಲ್ಲಿಸಿದ್ರೆ ಗೊತ್ತಾಗಿಬಿಡುತ್ತಲ್ಲೋ."

"ಗೊತ್ತಾಗಲಿ."

"ನಾನು ಪೈಪಿನವನು ಕಣೋ. ಉಬ್ಬಿದ ಪೈಪು ನೋಡಿಲ್ವಾ? ತಾನಾಗಿ ಇಳಿದದ್ದು ಒಂದೂ ಇಲ್ಲ." ಏಣಿ ಬೂಟಿನ ದಾರ ಬಿಗಿದು ಎದ್ದ. "ಓಡ್ತಿರೋವರೆಗೂ ಇದು ಆಟಗಾರನ ಹೃದಯ. ನಿಂತ ದಿನ ರೋಗಿಯ ಹೃದಯ. ಬಾ, ಇನ್ನೊಂದು ಸುತ್ತು."

*

"ಅವನ ಜೊತೆ ನಾನೂ ಓಡಿದೆ ಅತ್ತಿಗೆ," ಎಂದ ಗಿಡ್ಡ. "ಏನು ಮಾಡಲಿ, ಕಟ್ಟಿಹಾಕಲಾ? ನಿಮಗೆ ಹೇಳಿದರೆ ಮುಖ ನೋಡಲ್ಲ ಅಂದಿದ್ದ. ನಿನ್ನೆ ಬೆನ್ನಲ್ಲಿ ಬಟ್ಟೆ ಹರಿದ ಹಾಗಾಯ್ತು ಅಂತ ಕೂತ. ಕೂತವನು ಏನಂದ ಗೊತ್ತಾ? ಒಂದು ನಿಮಿಷ, ಸುತ್ತು ಮುಗಿಸಿಬಿಡ್ತೀನಿ ಅಂದ."

ಅವಳು ನಲ್ಲಿಯ ಕಟ್ಟೆ ಹಿಡಿದುಕೊಂಡಳು. ಅಳುವಿಗಿಂತ ಮೊದಲು ಸಿಟ್ಟು ಬಂತು. ಸತ್ತವನ ಮೇಲೆ, ಸರದಿಯಲ್ಲಿ ಮಲಗಿದವನ ಮೇಲೆ, ಬಾಯಿಗೆ ಬಂದದ್ದು ಬೈಯಬೇಕೆನ್ನುವಂಥ ಸಿಟ್ಟು.

"ಮಗುನ ತೋರಿಸಿ ಅಂತ ಡಾಕ್ಟರು ಹೇಳಲಿಲ್ವಾ?"

ಗಿಡ್ಡ ಮುಚ್ಚಿದ ನಲ್ಲಿಯನ್ನೇ ಮತ್ತೆ ಬಿಗಿದ.

"ಹೇಳು."

"ಮಕ್ಕಳಿದ್ದಾರಾ ಅಂತ ಕೇಳಿದರು ಅತ್ತಿಗೆ. ಪ್ರತಿ ಸಲವೂ ಕೇಳೋರು. ಇವನು ಇಲ್ಲ ಅಂದ."

"ಇಲ್ಲ ಅಂದ್ರೆ?"

"ನನಗೆ ಮಕ್ಕಳಿಲ್ಲ ಅಂದ. ಕೊನೆಯ ಸಲ ಹೊರಗೆ ಬಂದ ಮೇಲೆ ಜಗಳ ಆಡಿದೆ ನಾನು. ಅವಳು ಎಗರಿ ಹೊಡೆಯೋದು ನೋಡಿದ್ದೀಯಲ್ಲ, ಅವಳ ಕಾಲು ನೆಲಕ್ಕೆ ಕಟ್ಟು ಅಂತೀಯಾ ಅಂತ ಕೇಳಿದ. ನಾನೂ ಅವಳಿಗೆ ಆಟ ಹೇಳಿಕೊಡೋನು. ಅವಳಂಥ ಹುಡುಗಿ ಇನ್ನೊಬ್ಬಳಿಲ್ಲ ನನ್ನ ಹತ್ತಿರ. ನಾನೂ ಸುಮ್ಮನಾದೆ."

ಹಿಂದೆ ಜಲ್ಲಿಯ ಸದ್ದಾಯಿತು. ಪುಟ್ಟಿ ನಿಂತಿದ್ದಳು. ಎಷ್ಟು ಹೊತ್ತಿನಿಂದ ಎಂದು ಕೇಳಬೇಕಾಗಿರಲಿಲ್ಲ.

"ಒಳಗೆ ಕರೀತಿದ್ದಾರೆ," ಎಂದಳು. ಸ್ವಲ್ಪ ತಡೆದು, "ಇಲ್ಲ ಅಂದ್ರಾ ಅಪ್ಪ?" ಎಂದಳು. ಉತ್ತರಕ್ಕೆ ಕಾಯದೆ ಒಳಗೆ ನಡೆದಳು.

ಕಬ್ಬಿಣದ ಬಾಗಿಲು ಮುಚ್ಚಿಕೊಂಡ ಮೇಲೆ ಎಲ್ಲರೂ ಕುರ್ಚಿಗಳಿಗೆ ಮರಳಿದರು. ಸಾಹೇಬರು ಹೊರಡಲು ಎದ್ದು, "ಭಾನುವಾರ ಬೆಳಿಗ್ಗೆ ಗಾಡಿ ಕಳಿಸ್ತೀನಿ ತಾಯಿ," ಎಂದರು.

"ಬೇಡ ಸಾರ್. ಅವಳು ಬರಲ್ಲ."

"ದುಃಖದಲ್ಲಿದ್ದೀರಿ. ನಿಧಾನಕ್ಕೆ ಯೋಚನೆ ಮಾಡಿ."

"ಯೋಚನೆ ಮಾಡಿಯೇ ಹೇಳ್ತಿದ್ದೀನಿ. ಅವಳ ಹೃದಯ ತೋರಿಸಬೇಕು. ಅಪ್ಪನಿಗಿದ್ದದ್ದು ಅವಳಿಗೂ ಇರಬಹುದು. ಮನೆ ನಾವು ಖಾಲಿ ಮಾಡ್ತೀವಿ."

ಏಣಿಯ ಅಕ್ಕ ಎದ್ದು ಬಂದು ಅವಳ ರಟ್ಟೆ ಹಿಡಿದಳು.

"ಬಾಯಿ ಮುಚ್ಚು. ಅವನ ಬೂದಿ ಇನ್ನೂ ಆರಿಲ್ಲ, ಊರ ಮುಂದೆ ರೋಗದ ಮಾತು ತೆಗೀತೀಯಲ್ಲ. ನಾಳೆ ಈ ಹುಡುಗಿಯನ್ನ ಯಾರು ಕೇಳ್ತಾರೆ? ನಮ್ಮ ಮನೇಲಿ ಯಾವ ರೋಗವೂ ಇಲ್ಲ. ನಮ್ಮವರು ಹೋಗೋದೇ ಹೀಗೆ, ಆರಾಮಾಗಿ."

"ಹೋದಾಗ ನಿಮ್ಮಪ್ಪನಿಗೆ ಎಷ್ಟು ವಯಸ್ಸಾಗಿತ್ತು ಅಕ್ಕ?"

"ಈಗ ಯಾಕದು?"

"ಚಿಕ್ಕಪ್ಪನಿಗೆ?"

ಅಕ್ಕ ಕಬ್ಬಿಣದ ಬಾಗಿಲ ಕಡೆ ಮುಖ ತಿರುಗಿಸಿದಳು.

"ನಿಮಗೂ ಬೆನ್ನು ನೋವು ಅಂತಿದ್ರಲ್ಲ. ನಾಳೆ ನಮ್ಮ ಜೊತೆ ಬನ್ನಿ. ಇಬ್ಬರನ್ನೂ ತೋರಿಸಿಕೊಂಡು ಬರೋಣ." ಅವಳು ಇದನ್ನು ಜಗಳದ ದನಿಯಲ್ಲಿ ಹೇಳಲಿಲ್ಲ. ಅಂಗಡಿಯಲ್ಲಿ ಗಿರಾಕಿಗೆ ಹೊಸ ನಂಬರು ಬಂದಿದೆ ಎಂದು ಹೇಳುವ ದನಿಯಲ್ಲೇ ಹೇಳಿದಳು.

ಅಕ್ಕ ಹಿಡಿದ ಕೈ ಬಿಟ್ಟಳು. ಬಿಟ್ಟ ಕೈಯ ಉದ್ದುದ್ದ ಬೆರಳುಗಳನ್ನು ಯಾರೋ ಬೇರೆಯವರದೆನ್ನುವಂತೆ ನೋಡಿ, ಸೆರಗಿನೊಳಗೆ ಮುಚ್ಚಿಕೊಂಡಳು. "ನಾನು ಎಲ್ಲಿಗೂ ಬರಲ್ಲ," ಎಂದಳು. "ನನಗೇನೂ ಆಗಿಲ್ಲ."

ಮನೆಗೆ ಬಂದಾಗ ಸಂಜೆಯಾಗಿತ್ತು. ಯಾರೋ ಕುರ್ಚಿ ಮಡಚುತ್ತಿದ್ದರು, ಯಾರೋ ಚಹಾ ಕಾಸುತ್ತಿದ್ದರು. ಪುಟ್ಟಿ ಎಲ್ಲಿ ಎಂದು ಕೇಳಿದರೆ ಕೋಣೆಯಲ್ಲಿ ಎಂದರು, ಕೋಣೆಯಲ್ಲಿ ಇರಲಿಲ್ಲ. ಮಲಗಿದ್ದಾಳೆ, ಮಲಗಲಿ ಎಂದು ಬಾಗಿಲು ಮುಂದೆ ಮಾಡಿದ್ದರು, ಅಷ್ಟೆ. ತಾಯಿ ಮೆಟ್ಟಿಲಿಳಿದು ವಸತಿಯ ಹಿಂದಿನ ಅಂಗಳಕ್ಕೆ ನಡೆದಳು.

ಮಬ್ಬು ಬೆಳಕಿನಲ್ಲಿ ಮಗಳು ಓಡುತ್ತಿದ್ದಳು. ಚಿತಾಗಾರಕ್ಕೆ ಉಟ್ಟಿದ್ದ ಬಟ್ಟೆಯಲ್ಲೇ, ಬರಿಗಾಲಿನಲ್ಲಿ. ಉದ್ದ ಹೆಜ್ಜೆ, ಸಡಿಲ ತೋಳು. ದೂರದಿಂದ ನೋಡಿದರೆ ಯಾರ ಓಟವೆಂದು ಯಾರಾದರೂ ಹೇಳಬಹುದಿತ್ತು.

"ಪುಟ್ಟಿ, ನಿಲ್ಲು."

ಪುಟ್ಟಿ ನಿಲ್ಲಲಿಲ್ಲ. ತಾಯಿ ಚಪ್ಪಲಿ ಕಳಚಿ ಬೆನ್ನಟ್ಟಿದಳು. ವರ್ಷಗಟ್ಟಲೆ ಅಂಗಡಿಯ ಸ್ಟೂಲಿನ ಮೇಲೆ ಕುಳಿತ ಮೈ, ಅರ್ಧ ಸುತ್ತಿಗೇ ಉಸಿರುಗಟ್ಟಿತು. ಮಗಳು ಇಡೀ ಸುತ್ತು ಮುಗಿಸಿ ಹಿಂದಿನಿಂದ ಬಂದು ಅವಳನ್ನು ದಾಟಿ ಹೋದಳು. ದಾಟುವಾಗ ಮುಖ ಆ ಕಡೆ ತಿರುಗಿಸಿಕೊಂಡಿದ್ದಳು.

ತಾಯಿ ಓಡುವುದನ್ನು ಬಿಟ್ಟು, ಓಟದ ದಾರಿಯ ನಡುವೆಯೇ ಕುಳಿತುಬಿಟ್ಟಳು. ಹೆಜ್ಜೆಯ ಸದ್ದು ದೂರ ಹೋಯಿತು, ತಿರುಗಿತು, ಹತ್ತಿರ ಬಂತು. ಪಕ್ಕಕ್ಕೆ ಸರಿದು ದಾಟುತ್ತಾಳೆಂದು ಅವಳು ಕಾದಳು. ಪುಟ್ಟಿ ಅವಳ ಮುಂದೆ ಬಂದು ತಡೆದಳು. ತಡೆದಳು ಮಾತ್ರ, ನಿಲ್ಲಲಿಲ್ಲ. ಇದ್ದಲ್ಲೇ ಓಡತೊಡಗಿದಳು, ಮೊಣಕಾಲು ಮೇಲೆ ಕೆಳಗೆ, ಮೇಲೆ ಕೆಳಗೆ.

"ನಾಳೆ ಆಸ್ಪತ್ರೆಗೆ ಹೋಗೋಣ ಕಂದ. ಈಗ ನಿಲ್ಲು."

"ಕೇಳ್ತಾರಲ್ಲಮ್ಮ, ವಿಶ್ರಾಂತಿ ತಗೊಂಡ್ಯಾ ಅಂತ."

"ತಗೊಳ್ಳೋಣ. ನಾನೂ ನಿನ್ನ ಜೊತೆ ಮನೇಲಿರ್ತೀನಿ. ಯಾವ ಮನೆಯಾದರೂ ಆಗಲಿ."

"ಇಳಿಯದಿದ್ದರೆ?"

ಹೇಳಲು ಉತ್ತರವಿತ್ತು. ಔಷಧಿಯಿದೆ, ಆಪರೇಷನ್ ಇದೆ, ಬದುಕುತ್ತಾರೆ. ಡಾಕ್ಟರು ಹೇಳಿದ ಒಂದೊಂದು ಮಾತೂ ಅವಳಿಗೆ ಬಾಯಿಪಾಠವಾಗಿತ್ತು. ಹೇಳಿದಳು ಕೂಡ, ಒಂದೂ ಬಿಡದೆ.

"ಸರಿ," ಎಂದಳು ಪುಟ್ಟಿ ಏದುಸಿರಿನಲ್ಲಿ. "ಸರಿ ಅಮ್ಮ. ನಾಳೆಯಿಂದ."

ಅವಳು ಮುಂದಕ್ಕೆ ಬಾಗಿ ಮಗಳ ಎರಡೂ ಕಾಲುಗಳನ್ನು ತಬ್ಬಿ ಹಿಡಿದು, ಮುಖವನ್ನು ಮೊಣಕಾಲಿಗೆ ಒತ್ತಿದಳು. ಇದ್ದ ಬಲವನ್ನೆಲ್ಲ ಹಾಕಿ ಬಿಗಿದಳು. ಅವಳ ತೋಳುಗಳ ಒಳಗೆ ಆ ಕಾಲುಗಳು ಓಡುತ್ತಲೇ ಇದ್ದವು.